ಪಕ್ಕೆಯ ಮೇಲಿನ ಆರು ಗುರುತುಗಳು

ಹೊರದೇಶದಿಂದ ಬಂದ ಆ ಪತ್ರ ‘ಡಿಯರ್ ಸರ್’ ಎಂದು ಆರಂಭವಾಗಿತ್ತು. ನಾನು ಹೆಂಗಸು. ವರದಿಯ ಕೊನೆಯಲ್ಲಿ ನನ್ನ ಸಹಿ, ಅದರ ಕೆಳಗೆ ಬಿಡಿಬಿಡಿಯಾಗಿ ಬರೆದ ಪೂರ್ಣ ಹೆಸರು, ಹೆಸರಿನ ಹಿಂದೆ ‘ಶ್ರೀಮತಿ’ ಎಲ್ಲವೂ ಇದ್ದವು. ಇದೇ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯೆಯಾಗಿ ದುಡಿದು ನಿವೃತ್ತಳಾದವಳನ್ನು, ಓದುವ ತಾಳ್ಮೆಯಿಲ್ಲದ ಯಾರೋ ಒಬ್ಬ ವೈದ್ಯ ಕ್ಷಣಮಾತ್ರದಲ್ಲಿ ಗಂಡಸಾಗಿಸಿದ್ದ. ಅದನ್ನು ನಾನು ಇಂದಿಗೂ ಮರೆತಿಲ್ಲ. ಮರೆಯಬೇಕೆಂಬ ಆಸೆಯೂ ಇಲ್ಲ. ಆದರೆ ಆ ಪತ್ರದ ಕೆಳಭಾಗದಲ್ಲಿದ್ದ ಮಾತು ಈ ಅವಮಾನಕ್ಕಿಂತ ದೊಡ್ಡದಾಗಿತ್ತು. ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಮನೆ ಸಿಗುತ್ತದೆಯೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿತ್ತು.

ನಿವೃತ್ತಿಯ ನಂತರ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಹತ್ತಿರದ ಒಂದು ದತ್ತು ಕೇಂದ್ರದ ಮಕ್ಕಳನ್ನು ವಾರಕ್ಕೊಮ್ಮೆ ನೋಡಿಬರುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೆ. ಸುತ್ತಲೂ ನೇಕಾರರ ಮನೆಗಳು. ಕರೆಂಟು ಹೋಗಿ ಪವರ್‌ಲೂಮುಗಳ ಸದ್ದು ಒಮ್ಮೆಗೇ ನಿಂತರೆ, ಅಲ್ಲಿನ ಮಕ್ಕಳು ಬೆಚ್ಚಿ ಎದ್ದು ಅಳುತ್ತಿದ್ದವು. ಕೇಂದ್ರದ ಗೇಟಿನ ಪಕ್ಕದ ಮಾಡಿನಡಿ ಒಂದು ತೊಟ್ಟಿಲು ಇದೆ. ಸಾಕಲಾರದವರು ಯಾರಿಗೂ ಉತ್ತರ ಹೇಳದೆ ಮಗುವನ್ನು ಅದರಲ್ಲಿ ಮಲಗಿಸಿ ಹೋಗಬಹುದು. ಈ ಹುಡುಗಿ ಬಂದದ್ದು ಹಾಗೆಯೇ.

ಆಗ ಅವಳಿಗೆ ಆರು ತಿಂಗಳಿರಬಹುದೆಂದು ನಾನು ಅಂದಾಜು ಮಾಡಿದೆ. ತೂಕ ಕಡಿಮೆ. ಬಾಟಲಿಯ ಹಾಲು ನಾಲ್ಕು ಗುಟುಕು ಹೀರುವಷ್ಟರಲ್ಲಿ ಹಣೆಯ ಮೇಲೆ ಬೆವರು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಎದೆಗೆ ಸ್ಟೆತಸ್ಕೋಪ್ ಇಟ್ಟ ಕೂಡಲೇ ತಿಳಿಯಿತು, ಹೃದಯದ ಒಳಗೋಡೆಯಲ್ಲಿ ರಂಧ್ರವಿದೆ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಅದು ಸರಿಹೋಯಿತು. ಮಗು ಚೇತರಿಸಿಕೊಂಡು ಓಡಾಡತೊಡಗಿ, ಆಯಾಗಳ ಸೆರಗು ಎಳೆಯುವ, ಮೇಲೆ ಹಾರುವ ಪ್ರತಿ ವಿಮಾನಕ್ಕೂ ಟಾಟಾ ಮಾಡುವ ಹುಡುಗಿಯಾಯಿತು.

ಎದೆಯ ನಡುವಿನ ಹೊಲಿಗೆಯ ಗೆರೆಯಲ್ಲದೆ ಅವಳ ಮೈಮೇಲೆ ಇನ್ನೂ ಕೆಲವು ಗುರುತುಗಳಿದ್ದವು. ಎರಡೂ ಪಕ್ಕೆಗಳ ಕೆಳಗೆ, ಮೂರು ಮೂರರಂತೆ, ಹುಣಸೆಬೀಜಕ್ಕಿಂತ ಚಿಕ್ಕವಾದ ಆರು ದುಂಡನೆಯ ಕಲೆಗಳು. ತೊಟ್ಟಿಲಿಗೆ ಬರುವ ಮೊದಲೇ ಆಗಿ ಮಾಗಿದ್ದಂಥವು. ಅವಳನ್ನು ಮೊದಲ ದಿನ ತೊಟ್ಟಿಲಿನಿಂದ ಎತ್ತಿಕೊಂಡಿದ್ದ ಆಯಾ ಅವಕ್ಕೆ ಸೊಂಟದ ಒಡವೆಯಂತೆ ‘ಡಾಬು’ ಎಂದು ಹೆಸರಿಟ್ಟಿದ್ದಳು. ಹೊಸಬರು ಯಾರೇ ಬಂದರೂ ಹುಡುಗಿ ಫ್ರಾಕು ಎತ್ತಿ, “ನನ್ ಡಾಬು ನೋಡಿ” ಎನ್ನುತ್ತಿದ್ದಳು, ಮದುವೆಮನೆಯಲ್ಲಿ ಒಡವೆ ತೋರಿಸುವ ಯಜಮಾನಿಯ ಗತ್ತಿನಲ್ಲಿ.

ದೇಶದೊಳಗಿನ ದಂಪತಿಗಳಿಗೇ ಮೊದಲ ಅವಕಾಶ. ಹಾಗೆ ನೋಡಲು ಬಂದ ಒಂದು ದಂಪತಿ ಗಂಡನ ತಾಯಿಯನ್ನೂ ಜೊತೆಗೆ ಕರೆತಂದಿದ್ದರು. ಹುಡುಗಿ ಎಂದಿನಂತೆ ಫ್ರಾಕು ಎತ್ತಿದಳು. ಆ ಅತ್ತೆ ಬೆರಳಿನಿಂದ ಗುರುತುಗಳನ್ನು ಎಣಿಸಿ ಮಗನ ಕಡೆ ತಿರುಗಿದಳು.

“ಬರೆ ಹಾಕ್ಸವ್ರೆ ಕಣೋ. ಗ್ರಹ ಬಡ್ದಿರೋ ಕೂಸು. ನಾಳೆ ಫಿಟ್ಸ್ ಬಂದ್ರೆ ನೋಡೋರ್ ಯಾರು? ಮದ್ವೆ ಹೊತ್ನಲ್ಲಿ ಈ ಹೊಟ್ಟೆ ಯಾರಿಗ್ ತೋರ್ಸೋದು?”

“ಗಂಡಿನ ಕಡೆಯವರಿಗೆ ಹೊಟ್ಟೆ ತೋರಿಸೋ ಪದ್ಧತಿ ನಿಮ್ಮನೇಲಿದೆಯೇನಮ್ಮ?” ಎಂದೆ.

“ಡಾಕ್ಟ್ರಿಗೇನು, ಮಾತಾಡ್ಬಿಟ್ ಹೋಗ್ತಾರೆ. ಸಾಕೋರು ನಾವು” ಎಂದು ಆಕೆ ಎದ್ದಳು. ಅವರು ಮತ್ತೆ ಬರಲಿಲ್ಲ. ಉಳಿದವರು ಇಷ್ಟು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ ವ್ಯತ್ಯಾಸ. ಹೀಗೆ ಅವಳ ಕಡತ ಹೊರದೇಶದ ದಂಪತಿಗಳ ಕೈಗೆ ಹೋಯಿತು. ಗಂಡ ಮರಗೆಲಸದವನು, ಹೆಂಡತಿ ಶಾಲೆಯೊಂದರ ಉಪಾಧ್ಯಾಯಿನಿ. ಅವರಿಗೆ ಫೋಟೋ ಕಂಡೇ ಮನಸ್ಸಾಗಿತ್ತು. ಆದರೆ ಅಲ್ಲಿನ ಕ್ರಮದಂತೆ ಅವರು ಮಗುವಿನ ವೈದ್ಯಕೀಯ ವರದಿಯನ್ನು ತಮ್ಮೂರಿನ ಮಕ್ಕಳ ವೈದ್ಯನಿಗೆ ತೋರಿಸಿದರು. ಆ ವರದಿ ನಾನು ಬರೆದದ್ದು. ‘ಡಿಯರ್ ಸರ್’ ಎಂದು ಪತ್ರ ಬರೆದವನು ಅವನು.

ಮೂರು ಆಕ್ಷೇಪಗಳಿದ್ದವು. ಮೊದಲನೆಯದು, ಹುಟ್ಟಿದ ದಿನಾಂಕ ‘ಅಂದಾಜು’ ಎಂದರೇನು? ತೊಟ್ಟಿಲಿನಲ್ಲಿ ಮಲಗಿದ್ದ ಕೂಸು ಜನ್ಮಪತ್ರಿಕೆ ಹಿಡಿದು ಬಂದಿರಲಿಲ್ಲ ಎಂದು ಬರೆಯಬೇಕೆನಿಸಿತು. ಹಲ್ಲು, ತಲೆಯ ಸುತ್ತಳತೆ, ಕೂರುವ ಬಗೆ ಇವುಗಳಿಂದ ಲೆಕ್ಕ ಹಾಕಿದ ರೀತಿಯನ್ನು ಬರೆದೆ. ಎರಡನೆಯದು, ಕ್ಷಯದ ಚರ್ಮಪರೀಕ್ಷೆಯಲ್ಲಿ ಊತ ಕಂಡಿದೆ, ಮಗುವಿಗೆ ಕ್ಷಯವಿದೆಯೇ? ನಮ್ಮಲ್ಲಿ ಎಳೆಗೂಸುಗಳಿಗೆಲ್ಲ ಬಿಸಿಜಿ ಚುಚ್ಚುತ್ತೇವೆ, ಆ ಲಸಿಕೆಯಿಂದಲೇ ಹಾಗೆ ಊದಿಕೊಳ್ಳಬಹುದು, ಎಡತೋಳಿನ ಗುರುತನ್ನೂ ಎದೆಯ ಎಕ್ಸ್‌ರೇಯನ್ನೂ ನೋಡುವುದು ಎಂದು ಉತ್ತರಿಸಿದೆ. ಇವೆರಡಕ್ಕೂ ಅರ್ಧ ಗಂಟೆ ಸಾಕಾಯಿತು.

ಮೂರನೆಯದು ಆ ಆರು ಗುರುತುಗಳ ಕುರಿತು. ನಾನು ಬರೆದಿದ್ದದ್ದು ಒಂದೇ ಸಾಲು: ‘ಎರಡೂ ಪಕ್ಕೆಗಳ ಕೆಳಗೆ ಮೂರು ಮೂರರಂತೆ ಹಳೆಯ ಸುಟ್ಟ ಗುರುತುಗಳು, ಪೂರ್ಣ ಮಾಗಿವೆ.’ ಈ ಸೀಮೆಯ ಯಾವ ವೈದ್ಯನೂ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಓದುವವನಿಗೆ ಬರೆಯೆಂದು ತಾನೇ ಗೊತ್ತಾಗುತ್ತದೆ. ಆದರೆ ಅಲ್ಲಿನ ವೈದ್ಯ ಓದಿದ್ದು ಬೇರೆ. ಇವು ಸಿಗರೇಟಿನಿಂದ ಸುಟ್ಟ ಕಲೆಗಳನ್ನು ಹೋಲುತ್ತವೆ, ಸಾಲಾಗಿರುವುದರಿಂದ ಆಕಸ್ಮಿಕವಲ್ಲ, ಬೇಕೆಂದೇ ಮಾಡಿದ ಹಿಂಸೆ ಎಂದಿದ್ದ. ಹಿಂಸಿಸಿದವರು ಯಾರು, ಎಷ್ಟು ಕಾಲ, ಕೇಂದ್ರದಲ್ಲಿಯೇ ನಡೆಯಿತೇ ಎಂದು ಕೇಳಿದ್ದ. ಇಷ್ಟು ನೊಂದ ಮಗುವನ್ನು ಸಾಕುವ ಶಕ್ತಿ ತಮಗಿದೆಯೇ ಎಂದು ತಿಳಿಯದೆ ದಂಪತಿಗಳು ಒಪ್ಪಿಗೆ ಕೊಡಬಾರದು ಎಂಬುದು ಅವನ ಸಲಹೆ. ಒಪ್ಪಿಗೆ ತಿಳಿಸುವ ಗಡುವು ಹತ್ತಿರವಾಗಿತ್ತು. ಅದು ದಾಟಿದರೆ ಕಡತ ವಾಪಸು ಬರುತ್ತಿತ್ತು. ಮಕ್ಕಳು ದೊಡ್ಡವರಾದಷ್ಟೂ ಕೇಳುವವರು ಕಡಿಮೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

‘ಕೇಂದ್ರದಲ್ಲಿಯೇ ನಡೆಯಿತೇ’ ಎಂಬ ಮಾತನ್ನು ಆಯಾಗೆ ನಾನು ಹೇಳಲಿಲ್ಲ. ಆ ಕೂಸಿನ ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ವರಾಂಡದಲ್ಲಿ ಅನ್ನ ಮುಟ್ಟದೆ ಕುಳಿತಿದ್ದವಳು ಅವಳು.

ಕೇಂದ್ರದ ಅಧೀಕ್ಷಕಿ ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತಳು. ನನಗಿಂತ ತುಂಬ ಚಿಕ್ಕವಳು, ಕೆಟ್ಟವಳಲ್ಲ.

“ಮೇಡಂ, ಹುಟ್ಟುಮಚ್ಚೆ ಅಂತ ಬರೆದ್ಬಿಡಿ. ಮುಗೀತಲ್ಲ.”

“ದಿನಾ ಸ್ನಾನ ಮಾಡಿಸೋವಾಗ ಅವರಿಗೆ ಕಣ್ಣು ಕಾಣಲ್ವೇನಮ್ಮ?”

“ಅಷ್ಟೊತ್ತಿಗೆ ಪ್ರೀತಿ ಬಂದಿರುತ್ತೆ ಬಿಡಿ.”

“ಅದೇ ಭಯ ನನಗೆ. ಪ್ರೀತಿ ಬಂದಮೇಲೆ ಸುಳ್ಳು ಗೊತ್ತಾಗಬಾರದು.”

“ನೀವು ಯಾವಾಗ್ಲೂ ಹಿಂಗೇ ಮೇಡಂ. ಒಂದ್ ಚೂರು ಸಾಫ್ಟ್ ಆಗಿ ಬರೆದಿದ್ರೆ ಈ ಪತ್ರಾನೇ ಬರ್ತಿರ್ಲಿಲ್ಲ” ಎಂದಳು. ಈ ಮಾತನ್ನೂ ನಾನು ಎತ್ತಿಟ್ಟುಕೊಂಡಿದ್ದೇನೆ.

ಬರೆ ಎಂಬುದನ್ನಷ್ಟೇ ಬರೆದು ಕಳುಹಿಸಿದರೆ ಸಾಲದು ಎಂದು ನನಗೆ ಅನ್ನಿಸಿತು. ಯಾವ ಕಾಯಿಲೆಗೆ? ಆ ಅತ್ತೆ ಹೇಳಿದಂತೆ ಫಿಟ್ಸಿಗೋ? ಹಾಗಿದ್ದರೆ ಅದನ್ನೂ ಅವರಿಗೆ ತಿಳಿಸಬೇಕಾಗಿತ್ತು. ಯಾವ ಬೇನೆಗೆ ಮೈಯಲ್ಲಿ ಎಲ್ಲಿ ಬರೆ ಹಾಕುತ್ತಾರೆಂದು ಕೇಳುವ ಅಗತ್ಯ ನನಗೆ ಸೇವೆಯಲ್ಲಿದ್ದಷ್ಟು ಕಾಲ ಬಂದಿರಲಿಲ್ಲ. ಕಂಡಲ್ಲೆಲ್ಲ ಬೈದು ನಿಲ್ಲಿಸುವುದೇ ಕೆಲಸವಾಗಿತ್ತು. ಈಗ ಕೇಳಬಹುದಾಗಿದ್ದ ಒಬ್ಬಳು ನನಗೆ ಗೊತ್ತಿದ್ದಳು. ಆವತಿ ಎಂಬ ಊರಿನಿಂದ ಸ್ವಲ್ಪ ಮುಂದಿನ ಒಂದು ಹಳ್ಳಿಯಲ್ಲಿ ಇದ್ದ ಮುದುಕಿ. ನನ್ನನ್ನು ಜೀವಮಾನದಲ್ಲಿ ಎಲ್ಲರಿಗಿಂತ ಹೆಚ್ಚು ಅವಮಾನಿಸಿದವಳು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳ ಮನೆಯ ಮುಂದೆ ನಿಂತು, ಇನ್ನೊಂದು ಮಗುವಿಗೆ ಬರೆ ಹಾಕಿದರೆ ಪೊಲೀಸರಿಗೆ ಹಿಡಿದುಕೊಡುತ್ತೇನೆ ಎಂದು ಕೂಗಿದ್ದೆ. ಊರೆಲ್ಲ ಸೇರಿತ್ತು. ಅವಳು ಜಗಲಿಯಿಂದ ಇಳಿಯಲೂ ಇಲ್ಲ. “ನಿನ್ ಸೂಜಿಗೆ ಕೂಸು ಅತ್ರೆ ಔಸ್ದಿ, ನನ್ ಅರಿಶ್ನದ ಕೊಂಬಿಗೆ ಅತ್ರೆ ಪಾಪವಾ? ಮೊದ್ಲು ಒಂದ್ ಹೆತ್ತು ಆಮೇಲ್ ಬಾರವ್ವ, ಬುದ್ಧಿ ಹೇಳಕ್ಕೆ” ಎಂದಿದ್ದಳು. ಜನ ನಕ್ಕರು. ನನಗೆ ಮದುವೆಯಾಗಿ ಆಗ ಕೆಲವು ವರ್ಷಗಳಾಗಿದ್ದವು. ಮುಂದೆಯೂ ನನಗೆ ಮಕ್ಕಳಾಗಲಿಲ್ಲ.

ಆಟೋ ಮಾಡಿಕೊಂಡು ಹೋದೆ. ಅದೇ ಮನೆ, ಹೆಂಚು ತೆಗೆದು ತಾರಸಿ ಹಾಕಿದ್ದರು. ಅದೇ ಜಗಲಿ. ಅವಳು ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಯಾರವ್ವ ಅದು? ಓಹೋ, ಸೂಜಿ ಡಾಕ್ಟ್ರು! ಇನ್ನೂ ಬದ್ಕಿದ್ದೀಯಾ?”

“ನೀವಿರೋವರೆಗೆ ನಾನು ಹೋಗೋ ಹಾಗಿಲ್ಲವಲ್ಲ.”

“ಪೋಲೀಸ್ನೋರೆಲ್ಲಿ? ಕರ್ಕಂಬರ್ಲಿಲ್ವಾ?”

“ಕರೆತರಬೇಕಾಗಿತ್ತೇ? ಇನ್ನೂ ಹಾಕ್ತಿದ್ದೀರಾ?”

“ಕೈ ನಡುಗ್ತದೆ ಕಣವ್ವ. ಸೊಸೆ ಒಲೆ ತಾವ್ಕೇ ಬಿಡಲ್ಲ. ಈಗಿನೋರು ಬರೋದೂ ಇಲ್ಲ, ಎಲ್ಲ ಆಸ್ಪತ್ರೆ ಹಾದಿ ಹಿಡ್ದವ್ರೆ. ನೀನ್ ಗೆದ್ದೆ, ಕೂತ್ಕೋ.”

ನಾನು ಗೆದ್ದೆನೆಂದು ಈ ಜಿಲ್ಲೆಯಲ್ಲಿ ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ. ಕುಳಿತೆ. ಯಾವ ಮಗು, ಎಲ್ಲಿಯದು ಎಂದು ಹೇಳಲಿಲ್ಲ. ಹೇಳುವ ಹಕ್ಕೂ ನನಗಿರಲಿಲ್ಲ. ಯಾರು ತಂದಿದ್ದರೆಂದು ಕೇಳುವ ಹಕ್ಕಂತೂ ಇರಲೇ ಇಲ್ಲ. ನನ್ನದೇ ಸೀರೆಯ ಮೇಲೆ ಪಕ್ಕೆಯ ಕೆಳಗೆ ಬೆರಳಿಟ್ಟು ತೋರಿಸಿದೆ.

“ಇಲ್ಲಿ ಮೂರು, ಇಲ್ಲಿ ಮೂರು. ಇದು ಯಾವುದಕ್ಕೆ ಹಾಕೋದು? ಫಿಟ್ಸಿಗಾ?”

“ಫಿಟ್ಸಿಗೆ ಹೊಟ್ಟೆಗ್ ಹಾಕ್ತಾರಾ? ಅದಕ್ಕೆ ಹಣೆಗೆ. ಇದು ಪಕ್ಕೆ ಎಳ್ಕೊಳೋ ಕೂಸಿಗೆ. ಉಸ್ರಿಗೆ ಒದ್ದಾಡ್ತವೆ, ಹಾಲು ಕುಡ್ಯಕ್ಕೋದ್ರೆ ಬೆವರ್ತವೆ, ನೋಡಿಲ್ವಾ? ಎಲ್ಲಿ ಗುಳಿ ಬೀಳ್ತದೋ ಅಲ್ಲಿಗೇ ಮುಟ್ಸೋದು. ನಾನೊಬ್ಳೇ ಅಲ್ಲ, ಈ ಕಡೆ ಯಾರ್ ಹಾಕಿದ್ರೂ ಹಂಗೇಯ.”

“ಇಂಥ ಕೂಸುಗಳನ್ನ ಯಾರು ತರ್ತಿದ್ದರು?”

“ಇನ್ಯಾರು, ಹೆತ್ತೋರು. ಬೇಡದ ಕೂಸ್ನ ಹೊತ್ಕಂಡು ಇಷ್ಟ್ ದೂರ ಯಾರವ್ವ ಬತ್ತಾರೆ? ಸುಮ್ನಿದ್ರೆ ತಾನೇ ಹೋಯ್ತದಲ್ಲ.” ಅವಳು ಒಂದು ಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದಳು. “ಹೆತ್ತವ್ಳನ್ನ ಮಾತ್ರ ಹೊರಗ್ ಕಳಿಸ್ಬಿಡ್ತಿದ್ದೆ. ಒಳಗಿದ್ರೆ ಬಂದು ಕೈ ಹಿಡ್ಕಂಬಿಡೋಳು. ಆಮೇಲ್ ಅವ್ಳೇ ದಿನಾ ಬೆಣ್ಣೆ ಹಚ್ಬೇಕು, ಉಪ್ಪು ಖಾರ ಬಿಟ್ಟು ಪಥ್ಯ ಮಾಡ್ಬೇಕು. ಮಾಡೋರು.”

“ಅದರಿಂದ ಒಂದು ಕೂಸಾದರೂ ಉಳಿದದ್ದು ಕಂಡಿದ್ದೀರಾ?”

“ನಿನ್ ಸೂಜಿಯಿಂದ ಎಲ್ಲಾ ಉಳ್ದವಾ?”

“ಎಲ್ಲಾ ಅಲ್ಲ. ತುಂಬಾ ಉಳಿದಿವೆ.”

ಅವಳು ಬೊಚ್ಚುಬಾಯಿ ಬಿಟ್ಟು ನಕ್ಕಳು. “ಅದೂ ಸರಿ ಅನ್ನು.” ಇನ್ನೊಂದು ಕಾಯಿ ಬಿಡಿಸುತ್ತ ಕೇಳಿದಳು, “ನಿಂಗೆಷ್ಟು ಮಕ್ಳು?”

“ಇಲ್ಲ.”

ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಅದರ ಸದ್ದು ಕಳೆದ ಮೇಲೆ ಅವಳು ಸುಲಿದಿಟ್ಟ ಅವರೆಕಾಳನ್ನೆಲ್ಲ ಒಂದು ಕವರಿಗೆ ಸುರಿದು ನನ್ನ ಮಡಿಲಿಗಿಟ್ಟಳು. ಬೇಡವೆಂದರೂ ಕೇಳಲಿಲ್ಲ. ಹಳೆಯ ಮಾತನ್ನು ಅವಳು ನೆನೆಸಿಕೊಂಡಳೋ ಇಲ್ಲವೋ ನನಗೆ ತಿಳಿಯದು. ನಾನಂತೂ ಅದನ್ನು ಮನ್ನಿಸಿಲ್ಲ. ಅವರೆಕಾಳು ಮಾತ್ರ ಚೆನ್ನಾಗಿತ್ತು.

ಮರುದಿನ ಮಗುವನ್ನು ಮತ್ತೊಮ್ಮೆ ಮಲಗಿಸಿ ನೋಡಿದೆ. ಆರೂ ಗುರುತುಗಳು, ಹಿಂದೆ ಉಸಿರೆಳೆದಾಗ ನಾನೇ ಗುಳಿ ಕಂಡಿದ್ದ ಜಾಗದಲ್ಲಿಯೇ ಇದ್ದವು. ಅಂಚುಗಳು ನಯ, ಗಂಟುಗಟ್ಟಿಲ್ಲ, ಕೀವಾಗಿ ಚರ್ಮ ಎಳೆದುಕೊಂಡ ಲಕ್ಷಣವಿಲ್ಲ. ಈ ಬಗೆಯ ರಂಧ್ರವಿರುವ ಕೂಸಿಗೆ ಉಸಿರಾಟದ ತೊಂದರೆ ಕಾಣಿಸುವುದು ಹುಟ್ಟಿದ ಒಂದೆರಡು ತಿಂಗಳಲ್ಲಿ. ತೊಟ್ಟಿಲಿಗೆ ಬಂದಾಗ ಅವಳಿಗೆ ಆರು ತಿಂಗಳು, ಗುರುತುಗಳು ಆಗಲೇ ಮಾಗಿದ್ದವು. ಹಾಗಾದರೆ ಬರೆ ಹಾಕಿಸಿದ ಮೇಲೂ ಯಾರೋ ಅವಳನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದರು. ಗುಟುಕಿಗೊಮ್ಮೆ ನಿಲ್ಲುವ, ಬೆವರುವ, ಅರೆಹೊಟ್ಟೆಯಲ್ಲಿ ನಿದ್ದೆಹೋಗುವ ಕೂಸಿಗೆ ಹಾಲು ಕುಡಿಸುವುದೆಂದರೆ ಇಡೀ ದಿನದ ಕೆಲಸ. ಅದನ್ನು ಯಾರೋ ಮಾಡಿದ್ದರು. ಮಾಡಿರದಿದ್ದರೆ ಅವಳು ತೊಟ್ಟಿಲು ತಲುಪುತ್ತಿರಲಿಲ್ಲ.

ಆಯಾಳನ್ನು ಕರೆದು, ಬಂದ ದಿನ ಮಗು ಹೇಗಿತ್ತು ಎಂದು ಕೇಳಿದೆ.

“ಅಮ್ಮಾವ್ರೆ, ತಲೆಗೆ ಹರಳೆಣ್ಣೆ ಹಚ್ಚಿ ಬಾಚಿದ್ರು. ಅಂಗಾಲಲ್ಲಿ ದೃಷ್ಟಿಬೊಟ್ಟು. ಬಿಟ್ಟೋಗೋ ಕೂಸಿಗೆ ಯಾರಾದ್ರೂ ದೃಷ್ಟಿ ತೆಗೀತಾರಾ ಅಂತ ನಂಗೆ ಅವತ್ತೇ ಅನ್ನಿಸ್ತು.”

ಕುಳಿತು ಬರೆದೆ. ಇವು ಸಿಗರೇಟಿನ ಗುರುತುಗಳಲ್ಲ. ಸುಟ್ಟ ಅರಿಶಿನದ ಕೊಂಬನ್ನು ಮುಟ್ಟಿಸಿ ರೋಗ ಕಳೆಯುವುದೆಂದು ನಂಬುವ ಹಳೆಯ ರೂಢಿಯ ಗುರುತುಗಳೆಂದು ನನ್ನ ಅಭಿಪ್ರಾಯ. ಇದರಿಂದ ಯಾವ ಉಪಯೋಗವೂ ಇಲ್ಲ, ಮಗುವಿಗೆ ಘೋರ ನೋವಾಗುತ್ತದೆ, ನನ್ನ ಸೇವಾವಧಿಯುದ್ದಕ್ಕೂ ಇದನ್ನು ವಿರೋಧಿಸಿದ್ದೇನೆ. ಗುರುತುಗಳ ಜಾಗ ಮಗುವಿನ ಹೃದಯದ ತೊಂದರೆಯ ಲಕ್ಷಣಕ್ಕೆ ಹೊಂದುತ್ತದೆ. ಫಿಟ್ಸಿಗೆ ಹಾಕುವ ಜಾಗ ಇದಲ್ಲ, ಇಲ್ಲಿಗೆ ಬಂದ ಮೇಲೆ ಫಿಟ್ಸ್ ಬಂದದ್ದೂ ಇಲ್ಲ. ಮಾಗಿರುವ ರೀತಿಯಿಂದ, ಆಮೇಲೆ ಆರೈಕೆ ಸಿಕ್ಕಿತ್ತೆಂದು ತೋರುತ್ತದೆ. ಮಾಡಿಸಿದವರು ಯಾರೆಂದು, ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿಲ್ಲ, ಕಂಡದ್ದರಿಂದ ಊಹಿಸಿದ್ದೇನೆ. ಕೊನೆಯಲ್ಲಿ, ಪ್ರತ್ಯೇಕ ಸಾಲಿನಲ್ಲಿ, ನಾನು ಮಹಿಳೆ ಎಂದು ಬರೆದೆ.

ಗಡುವಿಗೆ ಮುಂಚೆ ಆ ದಂಪತಿಗಳು ವೀಡಿಯೊ ಕರೆಯಲ್ಲಿ ನನ್ನೊಡನೆ ಮಾತನಾಡಬೇಕೆಂದರು. ಅಧೀಕ್ಷಕಿಯ ಕೋಣೆಯಲ್ಲಿ ಕುಳಿತೆವು. ಗಂಡ ದೊಡ್ಡ ಮೈಯಾಳು. ಪರದೆಯಲ್ಲಿ ಅವನ ಅರ್ಧ ಮುಖವಷ್ಟೇ ಕಾಣುತ್ತಿತ್ತು. ಹೃದಯದ ಬಗ್ಗೆ, ಔಷಧಿಯ ಬಗ್ಗೆ ಅವನು ಬರೆದುಕೊಂಡು ಬಂದಿದ್ದನ್ನೆಲ್ಲ ಕೇಳಿದ. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು.

“ಅವಳು ದೊಡ್ಡವಳಾಗಿ ಇವೇನು ಎಂದು ಕೇಳಿದರೆ, ನಾನು ಏನು ಹೇಳಲಿ?”

ಪಕ್ಕದಲ್ಲಿ ಅಧೀಕ್ಷಕಿ ನನ್ನ ಮುಖ ನೋಡುತ್ತಿದ್ದಳು. ಬರೆಯ ಪರವಾಗಿ ನಾನು ಬದುಕಿನಲ್ಲಿ ಒಂದು ಮಾತೂ ಆಡಿದವಳಲ್ಲ. ಈಗಲೂ ಆಡಲಿಲ್ಲ.

“ಅದು ತಪ್ಪು ಚಿಕಿತ್ಸೆ ಎಂದು ಮೊದಲು ಹೇಳಿ” ಎಂದೆ. “ನೋವಾಗಿರುತ್ತದೆ ಎಂದೂ ಹೇಳಿ, ಮುಚ್ಚಿಡಬೇಡಿ. ಆದರೆ ಅದನ್ನು ಮಾಡಿಸಿದವರು ಅವಳ ಉಸಿರಾಟವನ್ನು ಗಮನಿಸಿದ್ದರು. ಎಲ್ಲಿ ಕಷ್ಟವಾಗುತ್ತಿದೆ ಎಂದು ನೋಡಿದ್ದರು. ಅವರ ಕೈಯಲ್ಲಿದ್ದದ್ದು ಅಷ್ಟೇ. ಆಮೇಲೆ ಅದೂ ಸಾಲದೆಂದು ತಿಳಿದಾಗ, ತಲೆ ಬಾಚಿ, ವೈದ್ಯರು ಬಂದುಹೋಗುವ ಒಂದು ಮನೆಯ ಬಾಗಿಲಿಗೆ ತಂದಿಟ್ಟರು. ಹೀಗೆ ನಾನು ನಂಬುತ್ತೇನೆ ಎಂದು ಒಬ್ಬ ಮುದಿ ವೈದ್ಯೆ ಹೇಳಿದಳೆಂದು ಹೇಳಿ. ಗೊತ್ತು ಎಂದು ಹೇಳಬೇಡಿ.”

ಅವಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಗಂಡ ಅವಳ ಬೆನ್ನ ಮೇಲೆ ಕೈಯಿಟ್ಟಿದ್ದ. ಕರೆ ಮುಗಿದ ಮೇಲೆ ಅಧೀಕ್ಷಕಿ, “ಸಾಫ್ಟ್ ಆಗೂ ಮಾತಾಡಕ್ಕೆ ಬರುತ್ತಲ್ಲ ಮೇಡಂ” ಎಂದಳು.

ಒಪ್ಪಿಗೆ ಗಡುವಿನೊಳಗೇ ಬಂತು. ಅದರ ಹಿಂದೆಯೇ ಆ ವೈದ್ಯನ ಪತ್ರ. ‘ಡಿಯರ್ ಮೇಡಂ’ ಎಂದಿತ್ತು, ಕ್ಷಮೆ ಕೋರಿದ್ದ. ಇಂಥ ಗುರುತುಗಳನ್ನು ತಾನು ಎಂದೂ ಕಂಡಿರಲಿಲ್ಲ, ನನ್ನ ವಿವರಣೆಯನ್ನು ತನ್ನ ವಿದ್ಯಾರ್ಥಿಗಳಿಗೆ ಓದಿಸಲು ಅನುಮತಿ ಬೇಕು ಎಂದು ಕೇಳಿದ್ದ. ಅನುಮತಿ ಕೊಟ್ಟೆ. ಅವನ ಮೇಲೆ ನನಗಿದ್ದ ಸಿಟ್ಟಿನಲ್ಲಿ ಅರ್ಧ ಆಗ ಇಳಿಯಿತು. ಅದಕ್ಕೆ ಕಾರಣ ಅವನ ಕ್ಷಮೆಯಲ್ಲ. ಇಲ್ಲಿಗೆ ಬಂದ ಅತ್ತೆ ಗುರುತುಗಳನ್ನು ಎಣಿಸಿ ಎದ್ದುಹೋಗಿದ್ದಳು. ಅವನು ಕಂಡೇ ಇರದ ಮಗುವಿನ ಗುರುತುಗಳನ್ನು ಎಣಿಸಿ, ಯಾರು ಹೀಗೆ ಮಾಡಿದರು ಎಂದು ಕೇಳಿದ್ದ. ಕೇಳುವವನು ತಪ್ಪು ಊಹಿಸಿದರೂ ಉತ್ತರಕ್ಕೆ ಜಾಗವಿರುತ್ತದೆ.

ಕಚೇರಿಗಳ ಕೆಲಸವೆಲ್ಲ ಮುಗಿದು ಅವರು ಬರುವ ಹೊತ್ತಿಗೆ ಮಾವಿನಕಾಯಿ ಕಾಲ ಬಂದಿತ್ತು. ಆಯಾ ಮಗುವಿಗೆ ಹೊಸ ಫ್ರಾಕು ತೊಡಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಅಂಗಾಲಿಗೆ ಬೊಟ್ಟಿಟ್ಟು ಕರೆತಂದಳು. ಹುಡುಗಿ ಆ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದಳು. ನಂತರ ಯಾರೂ ಕೇಳದೆಯೇ ಫ್ರಾಕು ಎತ್ತಿ, “ನನ್ ಡಾಬು” ಎಂದಳು.

ಆ ಹೆಂಗಸು ನೆಲದ ಮೇಲೆ ಕುಳಿತಳು. ನನ್ನತ್ತ ಒಮ್ಮೆ ನೋಡಿ, ಬೆರಳ ತುದಿಯಿಂದ ಒಂದೊಂದೇ ಗುರುತನ್ನು ಮುಟ್ಟುತ್ತ, ಕಲಿತುಕೊಂಡು ಬಂದಿದ್ದ ಕನ್ನಡದಲ್ಲಿ ಎಣಿಸತೊಡಗಿದಳು. “ಒಂದು. ಎರಡು. ಮೂರು.” ಒಂದು ಪಕ್ಕೆ ಮುಗಿದು ಇನ್ನೊಂದಕ್ಕೆ ಬೆರಳು ಹೋದಾಗ ಮುಂದಿನ ಸಂಖ್ಯೆ ಮರೆತುಹೋಯಿತು. ಗಂಡನತ್ತ ನೋಡಿದಳು, ಅವನಿಗೂ ಬಾರದು.

“ನಾಕು!” ಎಂದಳು ಹುಡುಗಿ, ಫ್ರಾಕು ಎತ್ತಿ ಹಿಡಿದೇ. “ಅಷ್ಟೂ ಬರಲ್ವಾ ನಿಂಗೆ?”

“ನಾಕು” ಎಂದಳು ಅವಳು.

“ಹ್ಞೂ. ಐದ್ ಹೇಳು ಈಗ.”